ಚಿಕ್ಕಮ್ಮನ ಸರದಿ

ನಮ್ಮ ಚಿಕ್ಕಮ್ಮನನ್ನು ಗಂಟೆ ಎಷ್ಟು ಎಂದು ಕೇಳಿದರೆ ಗಡಿಯಾರ ಕೊಂಡ ದಿನದಿಂದ ಶುರು ಮಾಡುತ್ತಾಳೆ. ಯಾವ ಅಂಗಡಿ, ಅವತ್ತು ಜೊತೆಗೆ ಯಾರಿದ್ದರು, ಅಂಗಡಿಯವನಿಗೆ ಹೇಗೆ ಹಲ್ಲುನೋವು ಬಂದಿತ್ತು, ಎಲ್ಲ ಮುಗಿದು ಅವಳು ಗಂಟೆ ಹೇಳುವ ಹೊತ್ತಿಗೆ ಆ ಗಂಟೆ ಕಳೆದೇ ಹೋಗಿರುತ್ತದೆ. ಇದನ್ನು ನಾನು ಸಂಘದಲ್ಲಿ ತಮಾಷೆಗೆ ಹೇಳಿ ಎಲ್ಲರನ್ನೂ ನಗಿಸಿದ್ದೇನೆ. ಈಗ ನೆನೆಸಿಕೊಂಡರೆ ನನ್ನ ಬಾಯಿಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಎನಿಸುತ್ತದೆ.

ಚಿಕ್ಕಮ್ಮ ಅಮ್ಮನ ತಂಗಿ. ಅಮ್ಮ ತೀರಿಕೊಂಡಾಗ ನನಗೆ ಹತ್ತು ವರ್ಷ, ಅಲ್ಲಿಂದ ಸಾಕಿದವಳು ಅವಳೇ. ಇವತ್ತಿಗೂ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೇವೆ. ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಅವಳಿಗೆ ಕೆಲಸ. ಬಿಸಿ ಉರುಳೆಗಳ ನಡುವಿನಿಂದ ಬರುವ ಬೆಡ್‌ಶೀಟನ್ನು ಇಬ್ಬರು ಹೆಂಗಸರು ಎರಡು ತುದಿ ಹಿಡಿದು ಮಡಚಬೇಕು, ಪಾಳಿ ಮುಗಿಯುವವರೆಗೂ. ಆ ಹಾಲಿಗೆ ಕಿಟಕಿಯಿಲ್ಲ. ಹಿಂದೆ ಒಂದು ಬಾಗಿಲಿದೆ, ಟವೆಲ್ ಕಳುವಾಗುತ್ತವೆ ಎಂದು ಮಾಲೀಕ ಅದಕ್ಕೆ ಬೀಗ ಹಾಕಿಸಿದ್ದ. ಕಳೆದ ಬೇಸಿಗೆಯಲ್ಲಿ ಇಬ್ಬರು ತಲೆ ಸುತ್ತಿ ಬಿದ್ದರು. ಬೆಂಕಿ ಗಿಂಕಿ ಹತ್ತಿಕೊಂಡರೆ ನಲವತ್ತು ಹೆಂಗಸರಿಗೆ ಮುಂದಿನ ಒಂದೇ ಬಾಗಿಲು ಗತಿ.

ಇದನ್ನು ನಮ್ಮ ಸಂಘಕ್ಕೆ ತಂದವಳು ನಾನು. ಹದಿನೈದು ಜನ ಹುಡುಗ ಹುಡುಗಿಯರ ಸಂಘ ಅದು, ಎಲ್ಲರೂ ಇಪ್ಪತ್ತರಿಂದ ಇಪ್ಪತ್ತೈದರ ಒಳಗಿನವರು. ಪ್ರತಿ ಭಾನುವಾರ ಮಧ್ಯಾಹ್ನ ವಾಚು ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಸಭೆ. ಮೊದಮೊದಲು ಯಾವುದಾದರೂ ಮಾತು ಹಿಡಿಸಿದರೆ ಚಪ್ಪಾಳೆ ತಟ್ಟುತ್ತಿದ್ದೆವು. ಸೂರು ಅದುರಿ ತನ್ನ ಸಣ್ಣ ಸಣ್ಣ ಸ್ಕ್ರೂಗಳೆಲ್ಲ ನೆಲಕ್ಕೆ ಬೀಳುತ್ತವೆ ಎಂದು ವಾಚಿನವನು ಜಗಳಕ್ಕೆ ಬಂದ. ಅಂದಿನಿಂದ ಒಪ್ಪಿಗೆಯಾದರೆ ಎರಡೂ ಕೈ ಮೇಲೆತ್ತಿ ಬೆರಳು ಆಡಿಸುವುದು ರೂಢಿಯಾಯಿತು. ಹೊರಗಿನವರು ನೋಡಿದರೆ ಇವರಿಗೇನೋ ತಲೆ ಕೆಟ್ಟಿದೆ ಎನ್ನಬೇಕು, ಹಾಗಿರುತ್ತಿತ್ತು.

ಗೋಡೆಯ ಮೇಲೆ ನಮ್ಮ ನಿಯಮಗಳನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೆವು. ಅವುಗಳಲ್ಲಿ ಎರಡು ನನ್ನವೇ. 'ಎಲ್ಲರ ಮಾತು ಕೇಳದೆ ತೀರ್ಮಾನವಿಲ್ಲ' ಎಂಬುದು ಒಂದು. 'ಸಭೆಯ ವಿಷಯ ಸಭೆಯಲ್ಲೇ' ಎಂಬುದು ಇನ್ನೊಂದು. ಹಿಂದೆ ಮೂರು ನಾಲ್ಕು ಜನ ಟೀ ಅಂಗಡಿಯಲ್ಲಿ ಕೂತು ಎಲ್ಲವನ್ನೂ ತೀರ್ಮಾನಿಸಿಕೊಂಡು ಬಂದು, ಉಳಿದವರು ತಲೆಯಾಡಿಸುವ ಹಾಗಾಗಿತ್ತು. ಅದಕ್ಕೇ ಆ ನಿಯಮ. ಸಭೆಯ ಹೊರಗೆ ಚರ್ಚೆಯಿಲ್ಲ, ಸಭೆಯ ಗುಟ್ಟು ಹೊರಗೆ ಹೋಗುವ ಹಾಗಿಲ್ಲ.

ಮಾತಿನ ಸರದಿ ಬರೆದುಕೊಳ್ಳುವ ಕೆಲಸವೂ ನನ್ನದೇ. ಕೈ ಎತ್ತಿದವರ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದು ಒಬ್ಬೊಬ್ಬರನ್ನೇ ಕರೆಯುತ್ತಿದ್ದೆ. ಅದಕ್ಕೇ ನನಗೆ 'ಲಿಸ್ಟು' ಎಂದು ಹೆಸರು ಬಿದ್ದಿತ್ತು. ಇನ್ನೂ ಬಾಯಿ ಬಿಡದವರನ್ನು ಮೇಲಕ್ಕೆ ತರಲು ಹೆಸರಿನ ಪಕ್ಕ ಒಂದು ಬಾಣ ಹಾಕುತ್ತಿದ್ದೆ. ಎಷ್ಟು ನ್ಯಾಯವಂತಳು ನಾನು ಎಂದು ಒಳಗೊಳಗೇ ಬೀಗುತ್ತಿದ್ದೆ. ಬಾಣವನ್ನು ಕೆಳಮುಖವಾಗಿಯೂ ಹಾಕಬಹುದು ಎಂದು ಮೊದಲಿಗೆ ನನಗೂ ಹೊಳೆದಿರಲಿಲ್ಲ.

ಲಾಂಡ್ರಿಯವರ ಪರವಾಗಿ ಚಿಕ್ಕಮ್ಮ ಸಭೆಗೆ ಬರತೊಡಗಿದಳು. ಮೊದಲ ದಿನ ಇಪ್ಪತ್ತು ನಿಮಿಷ ಮಾತಾಡಿದಳು. ಬಾಗಿಲಿನಿಂದ ಶುರುವಾದದ್ದು ಸೂಪರ್‌ವೈಸರನ ಕಳೆದುಹೋದ ಛತ್ರಿಗೆ ಬಂದು ನಿಂತಿತು. ನಮ್ಮಲ್ಲಿ ಮೈಕ್ ಎಂದೊಬ್ಬ ಇದ್ದ, ಮೈಕಿಲ್ಲದೆಯೂ ಬೀದಿಯ ಆ ತುದಿಗೆ ಕೇಳಿಸುವ ಗಂಟಲು ಅವನದು. ಅವನು ಮೂರು ಸಲ ಗಡಿಯಾರ ನೋಡಿದ. ಕಾನೂನು ಓದುತ್ತಿದ್ದ ಹುಡುಗಿ, ನಾವೆಲ್ಲ ಲಾಯರ್ ಎನ್ನುತ್ತಿದ್ದವಳು, ತುಟಿ ಕಚ್ಚಿ ನಗು ತಡೆದುಕೊಂಡಳು. ನನ್ನ ಮುಖ ಕಾದ ಇಸ್ತ್ರಿಪೆಟ್ಟಿಗೆಯಾಯಿತು. ಅಂದಿನಿಂದ ಚಿಕ್ಕಮ್ಮ ಕೈ ಎತ್ತಿದಾಗಲೆಲ್ಲ ಅವಳ ಹೆಸರಿನ ಪಕ್ಕ ಕೆಳಕ್ಕೊಂದು ಬಾಣ ಎಳೆಯತೊಡಗಿದೆ. ಹೊತ್ತಿಲ್ಲ, ಕೊನೆಗೆ ಕರೆಯೋಣ ಎಂದುಕೊಳ್ಳುತ್ತಿದ್ದೆ. ಕೊನೆ ಎಂಬುದು ಬರುತ್ತಲೇ ಇರಲಿಲ್ಲ, ಐದಕ್ಕೆ ಸರಿಯಾಗಿ ವಾಚಿನವನು ಪೊರಕೆಯ ಹಿಡಿಯಿಂದ ಸೂರಿಗೆ ಕುಟ್ಟುತ್ತಿದ್ದ. ಅವನ ಅಂಗಡಿಯೊಳಗಿಂದಲೇ ನಮ್ಮ ಮೆಟ್ಟಿಲು, ಅವನು ಬಾಗಿಲು ಹಾಕುವ ಮೊದಲು ನಾವು ಇಳಿಯಬೇಕು.

ಗುರುವಾರ ಬೆಳಿಗ್ಗೆ ಲಾಂಡ್ರಿಯ ಗೇಟಿನ ಮುಂದೆ ಕೂತು ಹೋಟೆಲುಗಳಿಗೆ ಹೋಗುವ ವ್ಯಾನನ್ನು ಒಂದು ಗಂಟೆ ತಡೆಯುವುದು ಎಂಬ ಪ್ರಸ್ತಾಪ ಬಂತು. ಅದು ತೀರ್ಮಾನವಾಗಬೇಕಿದ್ದ ಭಾನುವಾರಕ್ಕೆ ಎರಡು ದಿನ ಮುಂಚೆ, ಮನೆಯಲ್ಲಿ ಚಿಕ್ಕಮ್ಮ ಸ್ಟವ್ ಒರೆಸುತ್ತಾ ಮಾತು ತೆಗೆದಳು.

"ಆ ಗುರುವಾರದ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು ಕಣೆ. ನಮ್ಮ ಕೀಲಿಯಕ್ಕ ಇದಾಳಲ್ಲ..."

ಕೀಲಿಯಕ್ಕ ಎಂದರೆ ಆ ಹಿಂಬಾಗಿಲಿನ ಬೀಗದ ಕೈ ಇಟ್ಟುಕೊಂಡಿದ್ದ ಹಿರಿಯ ಕೆಲಸದಾಕೆ. ಹತ್ತೊಂಬತ್ತು ವರ್ಷದಿಂದ ಚಿಕ್ಕಮ್ಮನ ಜೊತೆ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದವರು. ಮಧ್ಯಾಹ್ನ ಇಬ್ಬರಿಗೂ ಒಂದೇ ಡಬ್ಬಿ, ಒಂದು ದಿನ ಇವಳು ತಂದರೆ ಇನ್ನೊಂದು ದಿನ ಅವರು.

"ಸಭೆಯಲ್ಲಿ ಹೇಳು ಚಿಕ್ಕಮ್ಮ," ಎಂದೆ. "ಮನೇಲಿ ನನ್ನ ಕಿವೀಲಿ ಹೇಳಿದ್ರೆ ಗುಸುಗುಸು ಆಗುತ್ತೆ. ನಾನೇ ಮಾಡಿದ ನಿಯಮ, ನಾನೇ ಮುರಿಯೋಕಾಗುತ್ತಾ?"

"ಸರಿ ಬಿಡು. ಓದಿದವಳು ನೀನು. ಅಲ್ಲೇ ಹೇಳ್ತೀನಿ."

ಆ ಭಾನುವಾರ ಸಭೆ ಬಿಸಿಯಾಗಿತ್ತು. ಎಲ್ಲರಿಗೂ ಮಾತಾಡುವ ಹುಮ್ಮಸ್ಸು. ಚಿಕ್ಕಮ್ಮ ಕೈ ಎತ್ತಿದಳು. ಹೆಸರು ಬರೆದೆ, ಬಾಣ ಎಳೆದೆ. ಮೈಕ್ ಘೋಷಣೆಗಳ ಬಗ್ಗೆ ಹತ್ತು ನಿಮಿಷ ಮಾತಾಡಿದ. ಚಿಕ್ಕಮ್ಮ ಮತ್ತೆ ಕೈ ಎತ್ತಿದಳು. ಮತ್ತೆ ಬರೆದೆ, ಮತ್ತೆ ಬಾಣ. ಲಾಯರ್ ಪೊಲೀಸರು ಬಂದರೆ ಏನು ಮಾಡಬೇಕು ಎಂದು ವಿವರಿಸಿದಳು. ಐದಕ್ಕೆ ಐದು ನಿಮಿಷ ಇರುವಾಗ ಚಿಕ್ಕಮ್ಮ ಮೂರನೇ ಸಲ ಕೈ ಎತ್ತಿ ನನ್ನನ್ನೇ ನೋಡಿದಳು. ಮೂರನೇ ಸಲವೂ ಬರೆದೆ. ಆಗ ಕೆಳಗಿನಿಂದ ಪೊರಕೆ ಕುಟ್ಟುವ ಸದ್ದು ಬಂತು.

"ಯಾರದ್ದಾದ್ರೂ ಆಕ್ಷೇಪ ಇದ್ಯಾ?" ಎಂದು ನಾನೇ ಕೇಳಿದೆ. ಎಲ್ಲರೂ ಕೈ ಮೇಲೆತ್ತಿ ಬೆರಳು ಆಡಿಸಿದರು. ಚಿಕ್ಕಮ್ಮನ ಕೈ ಇನ್ನೂ ಇಳಿದಿರಲಿಲ್ಲ. ಅಷ್ಟು ಕೈಗಳ ನಡುವೆ ಅದೂ ಒಪ್ಪಿಗೆಯ ಕೈಯಂತೆಯೇ ಕಂಡಿತು. ಆದರೆ ಅದು ಒಂಟಿ ಕೈ, ಬೆರಳು ಆಡುತ್ತಿರಲಿಲ್ಲ. ನಾನದನ್ನು ನೋಡಿದೆ. ನೋಡಲಿಲ್ಲ ಎಂದು ಹೇಳಿಕೊಳ್ಳಲು ತುಂಬ ದಿನ ಪ್ರಯತ್ನಪಟ್ಟೆ, ಆಗಲಿಲ್ಲ. ನೋಡಿದೆ, ನೋಡಿಯೇ 'ಸರ್ವಾನುಮತ' ಎಂದು ಬರೆದೆ.

ಸಂಜೆ ಮನೆಗೆ ಬಂದಾಗ ಅವಳು ಬಾಗಿಲಲ್ಲೇ ಕಾಯುತ್ತಿದ್ದಳು.

"ಹೇಳೋಕೇ ಆಗ್ಲಿಲ್ಲ ನೋಡು."

"ತೀರ್ಮಾನ ಆಗೋಯ್ತು ಚಿಕ್ಕಮ್ಮ. ಆದ ಮೇಲೆ ಮನೇಲಿ ಕೆದಕಬಾರದು."

"ಹೋಗ್ಲಿ, ಗುರುವಾರ ಹೀಗಂತೆ ಅಂತ ಕೀಲಿಯಕ್ಕನ ಕಿವಿಗಾದ್ರೂ ಒಂದು ಮಾತು ಹಾಕ್ಲಾ?"

ನಾನು ಟ್ರಾಫಿಕ್ ಪೊಲೀಸನ ಹಾಗೆ ಅಂಗೈ ತೋರಿಸಿದೆ. "ಯಾರಿಗೂ ಬೇಡ. ಸಭೆಯ ಗುಟ್ಟು ಸಭೆಯಲ್ಲೇ. ನೀನೇ ಮುರಿದ್ರೆ ನಾನು ಅಲ್ಲಿ ತಲೆ ಎತ್ತೋದು ಹೇಗೆ?"

ಅವಳು ಒಳಗೆ ಹೋಗಿ ತಟ್ಟೆ ಹಾಕಿದಳು. ನಾನು ತಲೆ ತಗ್ಗಿಸುವ ಹಾಗಾಗಬಾರದು ಎಂದರೆ ಅವಳು ಏನನ್ನಾದರೂ ನುಂಗುತ್ತಾಳೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಆಡಿದ್ದೆ.

ಗುರುವಾರ ಬೆಳಿಗ್ಗೆ ಆರೂವರೆಗೆ ಗೇಟಿನ ಮುಂದೆ ಕೂತೆವು. "ಬೀಗ ತೆಗೀರಿ, ಬಾಗಿಲು ತೆರೀರಿ" ಎಂದು ಮೈಕ್ ಕೂಗಿದ, ನಾವು ಹಿಂದಿನಿಂದ ಕೂಗಿದೆವು. ವ್ಯಾನು ನಿಂತಿತು. ಲಾಯರ್ ಫೋಟೊ ತೆಗೆದು ಅಲ್ಲಿಂದಲೇ ಇಂಟರ್ನೆಟ್ಟಿಗೆ ಹಾಕಿದಳು. ಮಾಲೀಕ ಕಾರಿನಲ್ಲಿ ಬಂದ, ನಮ್ಮ ಕೂಗು ಕೇಳಿದ, ನೇರ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಪಕ್ಕದ ಓಣಿಯಿಂದ ಕೀಲಿಯಕ್ಕ ಹೊರಬಂದರು. ಹೆಗಲಲ್ಲಿ ಚೀಲ, ಕೈಯಲ್ಲಿ ಒಳಗೆ ಕೆಲಸಕ್ಕೆ ಹಾಕಿಕೊಳ್ಳುವ ರಬ್ಬರ್ ಚಪ್ಪಲಿ.

"ನೋಡ್ರಪ್ಪಾ, ಕೆಲಸ ಬಿಟ್ಟು ನಮ್ಮ ಜೊತೆ ಬರ್ತಿದಾರೆ," ಎಂದ ಮೈಕ್.

ನಾವು ಹದಿನೈದು ಜನವೂ ಎದ್ದು ಚಪ್ಪಾಳೆ ತಟ್ಟಿದೆವು. ಅಲ್ಲಿ ಬೀಳಲು ಯಾರ ಸ್ಕ್ರೂಗಳೂ ಇರಲಿಲ್ಲವಲ್ಲ. ಕೀಲಿಯಕ್ಕ ನಮ್ಮ ನಡುವೆ ದಾರಿ ಮಾಡಿಕೊಂಡು, ಯಾರ ಮುಖವನ್ನೂ ನೋಡದೆ, ಬೀದಿಯ ತುದಿಯವರೆಗೆ ನಡೆದು ಹೋದರು. ಅವರ ಬೆನ್ನಿಗೂ ನಾವು ಚಪ್ಪಾಳೆ ತಟ್ಟುತ್ತಲೇ ಇದ್ದೆವು.

ನಡೆದದ್ದೇನೆಂದು ಸಂಜೆ ಚಿಕ್ಕಮ್ಮ ಹೇಳಿದಳು. ಅವತ್ತು ಮಾತ್ರ ಗಡಿಯಾರದಿಂದ ಶುರು ಮಾಡಲಿಲ್ಲ, ನಾಲ್ಕೇ ಮಾತು.

"ಆ ಬಾಗಿಲು ಒಂದು ತಿಂಗಳಿಂದ ತೆಗೆದೇ ಇತ್ತು. ಕೀಲಿಯಕ್ಕ ಬೆಳಿಗ್ಗೆ ಬಂದು ಬೀಗ ತೆಗೆದು ಸುಮ್ನೆ ನೇತು ಹಾಕಿರ್ತಿದ್ಲು, ಪಾಳಿ ಬಿಟ್ಟಾಗ ಒತ್ತಿ ಹೋಗ್ತಿದ್ಲು. ನಾವು ನಲವತ್ತೂ ಜನ ಬಾಯಿ ಹೊಲ್ಕೊಂಡಿದ್ವಿ. ಇವತ್ತು ನೀವು ಬೀಗ ಬೀಗ ಅಂದ್ರಲ್ಲ, ಮಾಲೀಕ ಹಿಂದೆ ಹೋಗಿ ನೋಡ್ದ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಆ ಹೆಂಗಸರು ತಮ್ಮ ಕೆಲಸವನ್ನು ತಾವೇ ಮಾಡಿಕೊಂಡಿದ್ದರು. ನಾವು ಹೋಗಿ ಕೋಲು ಮುರಿದೆವು. ಮಧ್ಯಾಹ್ನದ ಹೊತ್ತಿಗೆ ಆ ಬಾಗಿಲಿಗೆ ಎರಡು ಬೀಗ ಬಿದ್ದಿದ್ದವು, ಕೀಲಿ ಮಾಲೀಕನ ಜೇಬಿನಲ್ಲಿ. ಕೀಲಿಯಕ್ಕನ ಹತ್ತೊಂಬತ್ತು ವರ್ಷದ ಕೆಲಸ ಒಂದು ಗಂಟೆಯಲ್ಲಿ ಹೋಗಿತ್ತು.

ಮುಂದಿನ ಭಾನುವಾರ ಇದೇ ಚರ್ಚೆ. ಯಾಕೆ ಯಾರಿಗೂ ಗೊತ್ತಿರಲಿಲ್ಲ, ಯಾರು ಹೇಳಬೇಕಿತ್ತು. ಲಾಯರ್ ಚಿಕ್ಕಮ್ಮನ ಕಡೆ ತಿರುಗಿದಳು. ಅವಳು ಒರಟಾಗಿ ಕೇಳಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು.

"ಚಿಕ್ಕಮ್ಮ, ಬಾಗಿಲು ತೆಗೆದಿರೋದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ಹಾಗಿದ್ರೆ ಸಭೇಲಿ ಯಾಕೆ ಹೇಳ್ಲಿಲ್ಲ?"

ಆಗ ನೋಟ್‌ಬುಕ್ಕು ನನ್ನ ತೊಡೆಯ ಮೇಲಿತ್ತು. ಒಂದು ಹಾಳೆ ಹಿಂದಕ್ಕೆ ತಿರುಗಿಸಿದರೆ ಸಾಕಿತ್ತು, ಮೂರು ಸಲ ಬರೆದ ಹೆಸರು, ಮೂರು ಬಾಣ. ಚಿಕ್ಕಮ್ಮ ನೋಡಿದ್ದು ಆ ಪುಸ್ತಕವನ್ನು, ನನ್ನ ಮುಖವನ್ನಲ್ಲ.

"ಮರ್ತುಬಿಟ್ಟೆ," ಎಂದಳು. "ವಯಸ್ಸಾಯ್ತು ನೋಡಿ, ನೆನಪು ನಿಲ್ಲಲ್ಲ."

ಹಲ್ಲುನೋವಿನ ಅಂಗಡಿಯವನನ್ನು ಮರೆಯದವಳು ಹೇಳಿದ ಮಾತು ಅದು. ಕೋಣೆಯಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಮೈಕ್ ನನಗೆ ಹೇಳಿದ, "ಬರ್ಕೋ ಲಿಸ್ಟು. ಕಾರ್ಮಿಕರ ಕಡೆಯಿಂದ ಮಾಹಿತಿ ಬರಲಿಲ್ಲ ಅಂತ." ನಾನು ಬರೆದೆ. ನನ್ನ ಕೈಗೆ ಲಕ್ವ ಹೊಡೆಯಲಿಲ್ಲ, ಅಕ್ಷರ ದುಂಡಗೇ ಬಂತು. ವರದಿಗೆ ಎಲ್ಲರೂ ಸಹಿ ಹಾಕುವುದು ನಮ್ಮ ಪದ್ಧತಿ. ಪುಸ್ತಕ ಸುತ್ತಿ ಚಿಕ್ಕಮ್ಮನ ಹತ್ತಿರ ಬಂದಾಗ ಅವಳು ಬೆರಳಿಟ್ಟು ಆ ಸಾಲನ್ನು ನಿಧಾನವಾಗಿ ಓದಿದಳು. "ಎಲ್ಲಿ ಹಾಕ್ಲಿ?" ಎಂದು ನನ್ನನ್ನೇ ಕೇಳಿದಳು. ನಾನು ಜಾಗ ತೋರಿಸಿದೆ.

ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಅದು ಯಾರ ಬಗ್ಗೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಮೇಲಿನ ಮೂರು ವಾರ ನಾನು ನಾಲಗೆ ಕಳೆದುಕೊಂಡವಳಂತೆ ಇದ್ದೆ. ಚಿಕ್ಕಮ್ಮ ಕೆಂಪಗೆ ಬೆಂದ ಮುಖ ಹೊತ್ತು ಬರುತ್ತಿದ್ದಳು. ಡಬ್ಬಿ ತೊಳೆಯಲು ತೆಗೆದರೆ ಅರ್ಧ ಹಾಗೇ ಉಳಿದಿರುತ್ತಿತ್ತು.

"ಯಾಕೆ ಚಿಕ್ಕಮ್ಮ, ಹಸಿವಿಲ್ವಾ?"

"ಸೆಕೆ ಕಣೆ, ಇಳಿಯಲ್ಲ."

"ಕೀಲಿಯಕ್ಕ ಹೇಗಿದಾರೆ? ಹೋಗಿ ಬಂದ್ಯಾ?"

"ಅವಳ ಪಾಡಿಗೆ ಅವಳಿದಾಳೆ," ಎಂದು ಮಾತು ಮುಗಿಸಿದಳು. ಮಾತು ಮುಗಿಸುವುದು ಅವಳಿಗೆ ಬರುತ್ತದೆ ಎಂದು ನನಗೆ ಗೊತ್ತಾದದ್ದೇ ಆಗ.

ನಾಲ್ಕನೇ ಭಾನುವಾರ ತಡೆಯಲಾರದೆ ಸಭೆಯಲ್ಲಿ ಎದ್ದು ನಿಂತೆ. ಅವತ್ತು ಚಿಕ್ಕಮ್ಮ ಬಂದಿರಲಿಲ್ಲ. ಆ ಹಾಳೆಯನ್ನು ತೆರೆದು ಓದಿದೆ, ಬಾಣಗಳನ್ನು ತೋರಿಸಿದೆ, ಎತ್ತಿದ ಕೈಯನ್ನು ನೋಡಿಯೂ ಸರ್ವಾನುಮತ ಎಂದು ಬರೆದೆ ಎಂದೆ. ಬೈಗುಳಕ್ಕೆ ಬೆನ್ನು ಕೊಟ್ಟು ನಿಂತ ಹಾಗೆ ನಿಂತಿದ್ದೆ.

"ಇದನ್ನ ಹೇಳೋಕೆ ಎಷ್ಟು ಧೈರ್ಯ ಬೇಕು," ಎಂದಳು ಲಾಯರ್. ಅವಳ ಕಣ್ಣಲ್ಲಿ ನೀರಿತ್ತು.

"ಇದೇ ನೋಡಿ ಆತ್ಮವಿಮರ್ಶೆ ಅಂದ್ರೆ," ಎಂದ ಮೈಕ್.

ಎಲ್ಲರ ಕೈಗಳೂ ಮೇಲೆದ್ದವು. ನನ್ನ ಸುತ್ತ ಬೆರಳುಗಳು ಆಡಿದವು. ಕೆಳಮುಖದ ಬಾಣ ಇನ್ನು ಮುಂದೆ ಇಲ್ಲ ಎಂದು ಹೊಸ ನಿಯಮ ಮಾಡಿ ಗೋಡೆಗೆ ಬರೆದರು. ನನ್ನ ಅನುಭವವನ್ನು ಒಂದು ಲೇಖನವಾಗಿ ಬರೆಯಬೇಕೆಂದೂ ತೀರ್ಮಾನವಾಯಿತು. ಆ ಬಾಗಿಲಿಗೆ ಈಗ ಎಷ್ಟು ಬೀಗ ಎಂದು ಯಾರೂ ಕೇಳಲಿಲ್ಲ. ನಾಚಿಕೆಗೇಡಿನ ಮಾತೆಂದರೆ, ಮೆಟ್ಟಿಲಿಳಿಯುವಾಗ ನನಗೆ ಎದೆ ಹಗುರಾಗಿತ್ತು.

ಮನೆಗೆ ಬಂದು ಚಿಕ್ಕಮ್ಮನಿಗೆ ಹೇಳಿದೆ. ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು.

"ಸಭೇಲಿ ಎಲ್ಲಾ ಹೇಳ್ದೆ ಚಿಕ್ಕಮ್ಮ. ತಪ್ಪು ನಂದೇ ಅಂತ."

"ಹೌದಾ," ಎಂದಳು. ಒಂದು ಟವೆಲ್ ಮಡಚಿ ಇಟ್ಟಳು. "ಬೆರಳು ಆಡಿಸಿದ್ರಾ?"

"ಹೂಂ."

"ಒಳ್ಳೇದಾಯ್ತು."

ಅದರಲ್ಲಿ ಕೊಂಕಿರಲಿಲ್ಲ. ನನಗೆ ಒಳ್ಳೆಯದಾದರೆ ಅವಳಿಗೆ ನಿಜವಾಗಿಯೂ ಸಂತೋಷ. ನನಗೆ ಅಲ್ಲೇ ನೆಲ ಬಿರಿಯಬಾರದೇ ಎನಿಸಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನನ್ನ ಪಾಲಿಗೆ ಅರ್ಧ ಮಾತ್ರ ನಿಜ, ಆ ಹೊತ್ತಿಗೂ ಬುದ್ಧಿ ಪೂರ್ತಿ ಬಂದಿರಲಿಲ್ಲ. ಹೇಳಬೇಕಾದವರನ್ನು ಬಿಟ್ಟು ಉಳಿದವರಿಗೆಲ್ಲ ಹೇಳಿ ಬಂದಿದ್ದೆ.

ಮರುದಿನ ಮಧ್ಯಾಹ್ನ ನೋಟ್‌ಬುಕ್ಕು ಹಿಡಿದು ಕೀಲಿಯಕ್ಕನ ಮನೆಗೆ ಹೋದೆ. ಲಾಂಡ್ರಿಯ ಗೇಟಿಗೆ ಎದುರಾದ ಓಣಿಯ ತುದಿಯಲ್ಲಿ, ಹೊರಮೆಟ್ಟಿಲು ಹತ್ತಿ ಹೋಗಬೇಕಾದ ಕೋಣೆ. ಅವರು ಕಿಟಕಿಯ ಬಳಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದರು. ಪಕ್ಕದಲ್ಲಿ ಹೊಲಿದು ಮುಗಿದ ಅಂಗಿಗಳ ರಾಶಿ, ಒಂದೊಂದೂ ಬೆಡ್‌ಶೀಟ್ ಮಡಚಿದಷ್ಟೇ ನೇರವಾಗಿ ಮಡಚಿಟ್ಟದ್ದು.

"ನಿನ್ನ ಚಿಕ್ಕಮ್ಮ ಕಳಿಸಿದ್ಲಾ?" ಎಂದರು, ಸೂಜಿಯಿಂದ ಕಣ್ಣು ತೆಗೆಯದೆ.

"ಇಲ್ಲ. ನಾನೇ ಬಂದೆ."

"ಅವಳು ಒಂದು ಸಲ ಬಂದಿದ್ಲು. ಮರ್ತೆ ಅಂದ್ಲು. ನನ್ನ ಮಗಳು ಹುಟ್ಟಿದ ದಿನ ಮಳೆ ಬಂದಿತ್ತಾ ಇಲ್ವಾ ಅಂತ ನನಗೇ ನೆನಪಿಲ್ಲ, ಅವಳಿಗಿದೆ. ಅಂಥವಳು ಇದನ್ನ ಮರ್ತೆ ಅಂದ್ರೆ ನಾನು ನಂಬ್ಬೇಕಾ? ಗೊತ್ತಿದ್ದೂ ಬಾಯಿ ಬಿಡಲಿಲ್ಲ, ತನ್ನ ಕೆಲಸ ಉಳಿದ್ರೆ ಸಾಕು ಅಂದ್ಕೊಂಡ್ಲು. ಬಾಗಿಲಿಂದಲೇ ವಾಪಸ್ ಕಳಿಸ್ದೆ. ಹತ್ತೊಂಬತ್ತು ವರ್ಷ ಒಂದೇ ಡಬ್ಬೀಲಿ ತಿಂದವಳನ್ನ."

ಅರ್ಧ ಉಳಿದ ಡಬ್ಬಿ ನನ್ನ ಕಣ್ಣ ಮುಂದೆ ಬಂತು. ಕೆಲಸ ಹೋದದ್ದು ಕೀಲಿಯಕ್ಕನದು, ಸರಿ. ಚಿಕ್ಕಮ್ಮನದೂ ಒಂದು ಹೋಗಿತ್ತು. ಅವಳಿಗೆ ಈ ಊರಲ್ಲಿ ನನ್ನನ್ನು ಬಿಟ್ಟರೆ ಇದ್ದ ಒಂದೇ ಜೀವ. ಅದನ್ನು ನನ್ನ ಮುಖ ಉಳಿಸಲು ಕೊಟ್ಟುಬಿಟ್ಟಿದ್ದಳು, ಕೊಟ್ಟದ್ದನ್ನು ನನಗೆ ಹೇಳಿರಲೂ ಇಲ್ಲ.

ನಾನು ಪುಸ್ತಕ ತೆರೆದು ಅವರ ಮುಂದಿಟ್ಟೆ.

"ಇದೇನು?"

"ಆವತ್ತಿನ ಸಭೆ. ಮಾತಾಡೋಕೆ ಕೈ ಎತ್ತಿದವರ ಹೆಸರು. ಇದು ಚಿಕ್ಕಮ್ಮ. ಇಲ್ಲಿ ಮತ್ತೆ. ಇಲ್ಲಿ ಇನ್ನೊಂದ್ಸಲ."

"ಈ ಗೆರೆ?"

"ನಾನು ಅವಳನ್ನ ಕೆಳಕ್ಕೆ ಹಾಕಿದ್ದು. ಅವಳ ಮಾತು ಉದ್ದ ಅಂತ. ನನಗೆ ಅವಮಾನ ಅನ್ಸುತ್ತೆ ಅಂತ."

"ಮೂರು ಸಲವೂ?"

"ಮೂರು ಸಲವೂ. ಅದಕ್ಕೂ ಮುಂಚೆ ಮನೇಲೂ ಹೇಳೋಕೆ ಬಂದ್ಲು, ಬಿಡಲಿಲ್ಲ. ನಿಮಗೆ ತಿಳಿಸ್ಲಾ ಅಂತ ಕೇಳಿದ್ಲು, ಬೇಡ ಅಂದೆ. ಅವಳು ಮರೆತಿರಲಿಲ್ಲ ಅಕ್ಕ. ನನ್ನ ಹೆಸರು ಹೇಳ್ಬಾರದು ಅಂತ ಮರ್ತೆ ಅಂದ್ಲು."

ಕೀಲಿಯಕ್ಕ ಆ ಮೂರು ಬಾಣಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು. ಆಮೇಲೆ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು ನನ್ನ ಮುಖ ನೋಡಿದರು.

"ಇದನ್ನ ಒಂದು ತಿಂಗಳು ಹೊಟ್ಟೇಲಿ ಇಟ್ಕೊಂಡು ಅವಳು ಮಾಡಿದ ಅಡುಗೆ ಉಂಡ್ಯಾ?"

ಉಂಡಿದ್ದೆ, ಒಂದು ಹೊತ್ತೂ ಬಿಡದೆ.

ಅವರು ಗಡಿಯಾರ ನೋಡಿದರು. ಎರಡು ಗಂಟೆಗೆ ಬೆಳಗಿನ ಪಾಳಿ ಬಿಡುತ್ತದೆ, ಇನ್ನು ಹತ್ತು ನಿಮಿಷವಿತ್ತು. ಎದ್ದು ಚಪ್ಪಲಿ ಮೆಟ್ಟಿಕೊಂಡರು. ನಾನೂ ಎದ್ದು ಹಿಂದೆ ಹೊರಟೆ. ಮೆಟ್ಟಿಲ ಮೇಲೆ ತಿರುಗಿ ನಿಂತರು.

"ನೀನೆಲ್ಲಿಗೆ?"

"ಚಿಕ್ಕಮ್ಮನ ಹತ್ರ..."

"ಇಲ್ಲೇ ಕೂತಿರು. ನಿನ್ನ ಸರದಿ ಆಮೇಲೆ."

ಮೆಟ್ಟಿಲ ಮೇಲೆ ಕೂತೆ. ಅಲ್ಲಿಂದ ಲಾಂಡ್ರಿಯ ಗೇಟು ಕಾಣುತ್ತಿತ್ತು. ಸೈರನ್ ಆಯಿತು, ಹೆಂಗಸರು ಬೆವರೊರೆಸಿಕೊಳ್ಳುತ್ತಾ ಹೊರಬಂದರು. ಕೊನೆಯಲ್ಲಿ ಒಬ್ಬಳೇ ಬಂದ ಚಿಕ್ಕಮ್ಮ ಕೀಲಿಯಕ್ಕನನ್ನು ಕಂಡು ನಿಂತುಬಿಟ್ಟಳು. ಕೀಲಿಯಕ್ಕ ಏನೋ ಹೇಳಿದರು. ಚಿಕ್ಕಮ್ಮ ಮುಖಕ್ಕೆ ಬಟ್ಟೆ ಒತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ಇಬ್ಬರೂ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತರು, ಮಧ್ಯೆ ಡಬ್ಬಿ ತೆರೆದುಕೊಂಡರು. ಚಿಕ್ಕಮ್ಮನ ಕೈ ಗಾಳಿಯಲ್ಲಿ ಆಡತೊಡಗಿತು. ಅಷ್ಟು ದೂರದಿಂದಲೂ ನನಗೆ ಗೊತ್ತಾಯಿತು, ಅವಳು ಎಲ್ಲವನ್ನೂ ಮೊದಲಿಂದ ಶುರು ಮಾಡಿದ್ದಳು. ಕೀಲಿಯಕ್ಕ ಒಂದು ಸಲವೂ ಮಧ್ಯೆ ಬಾಯಿ ಹಾಕಲಿಲ್ಲ.

ನಾಲ್ಕು ಗಂಟೆಯವರೆಗೆ ಕಾದೆ. ನನ್ನನ್ನು ಯಾರೂ ಕರೆಯಲಿಲ್ಲ.